ಮನೆಗಾಡಿಯೂ ಒಂದು ಹೂಂಕಾರವೂ

ಇಷ್ಟೆಲ್ಲ ಅನಾಹುತಕ್ಕೆ ಮೂಲ ಒಂದು 'ಹೂಂ'.

ಹಾಗೆ ಅಂದವರು ವಾಹನ ತಪಾಸಣೆಯ ಇನ್ಸ್‌ಪೆಕ್ಟರು. ಅನ್ನಿಸಿಕೊಂಡದ್ದು ಡ್ರಾಯಿಂಗ್ ಮೇಷ್ಟ್ರ ವ್ಯಾನು. ಅದರ ಅರ್ಥವನ್ನು ಬಿಡಿಸಿ ಹೇಳಿದವರು ಮೇಷ್ಟ್ರ ಭಾವ. ಆ ಬೆಳಿಗ್ಗೆ ಭಾವ ಒಬ್ಬರು ಹಾಸಿಗೆ ಬಿಟ್ಟು ಏಳದೆ ಇದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಭಾವ ಎದ್ದರು. ಬೇರೆಯವರ ಕೆಲಸವಿದ್ದ ದಿನ ಅವರಿಗೆ ಅಲಾರಾಂ ಬೇಕಾಗುತ್ತಿರಲಿಲ್ಲ.

ಮೇಷ್ಟ್ರು ಈ ದೇಶಕ್ಕೆ ಬಂದು ಮೂರು ತಿಂಗಳಾಗಿತ್ತು. ವಿಮಾನದಲ್ಲಿ ಬರಲಿಲ್ಲ, ಹಡಗಿನಲ್ಲಿ ಬರಲಿಲ್ಲ. ನೆಲದ ಮೇಲೇ, ಒಂದಾದ ಮೇಲೊಂದು ಗಡಿ ದಾಟಿಕೊಂಡು, ತಮ್ಮ ಹಳೆಯ ವ್ಯಾನನ್ನು ಓಡಿಸಿಕೊಂಡು ಬಂದರು. ನೌಕರಿ ಮುಗಿದ ಮೇಲೆ ಗಂಡನ ಅಕ್ಕ ಇರುವ ಊರಿಗೆ ಹೋಗಿ ನೆಲೆಸಬೇಕು, ಹೋಗುವಾಗ ದಾರಿಯನ್ನೂ ಕಣ್ತುಂಬ ನೋಡಿಕೊಂಡೇ ಹೋಗಬೇಕು ಎಂಬುದು ಮೇಷ್ಟ್ರ ಹೆಂಡತಿಯ ಆಸೆ. ಜೀವಮಾನವಿಡೀ ಮಕ್ಕಳ ಕೈಯಲ್ಲಿ ಹೂಜಿ, ಹೂವು, ಸೇಬು ಬರೆಸಿದ ಮೇಷ್ಟ್ರಿಗೆ ಸ್ವಂತದ್ದು ಅಂತ ಆಸೆ ಇರಲಿಲ್ಲ. ಹೆಂಡತಿಯದನ್ನೇ ತಮ್ಮದು ಮಾಡಿಕೊಂಡಿದ್ದರು.

ವ್ಯಾನಿನ ಹೊರಗಿನ ಅವತಾರ ಒಬ್ಬ ಗ್ಯಾರೇಜಿನವನ ಕೈಚಳಕ. ಮುಂದೆ ದಪ್ಪ ಕಬ್ಬಿಣದ ಗಾರ್ಡು, ನೆತ್ತಿಯ ಮೇಲೆ ನಾಲ್ಕು ದೊಡ್ಡ ದೀಪ, ಮರಳಿನಲ್ಲೂ ಓಡುವಂಥ ಅಗಲದ ಟೈರು. ದೂರದಿಂದ ನೋಡಿದರೆ ಯುದ್ಧಕ್ಕೆ ಹೊರಟ ಹಾಗೆ, ಹತ್ತಿರ ಬಂದು ಒಳಗೆ ಕೂತ ಮೇಷ್ಟ್ರನ್ನು ನೋಡಿದರೆ ಯುದ್ಧದಲ್ಲಿ ಸೋತು ಬಂದ ಹಾಗೆ ಕಾಣುತ್ತಿತ್ತು. ಒಳಗಿನದೆಲ್ಲ ಹೆಂಡತಿಯದು. ಅವಳ ನೋಯುವ ಮೊಣಕಾಲಿಗೆ ತಕ್ಕ ಎತ್ತರದ ಮಂಚ. ಗುಂಡಿ ಬಂದರೂ ಪಾತ್ರೆ ಜಾರದ ಹಾಗೆ ಅಂಚು ಕಟ್ಟಿದ ಒಲೆ. ತಿರುವಿನಲ್ಲಿ ಬಾಗಿಲು ಹಾರಿಕೊಳ್ಳದ ಹಾಗೆ ರಬ್ಬರ್ ಪಟ್ಟಿ ಸಿಕ್ಕಿಸಿದ ಕಪಾಟು. ದಿಂಬಿನ ಪಕ್ಕ ಕನ್ನಡಕ ನೇತುಹಾಕಲು ಒಂದು ಕೊಕ್ಕೆ. ಆಗಾಗ ಬಿಸಿಲಿಗೆ ಹಾಕಲು ಸುಲಭವಾಗಲೆಂದು ಎಲ್ಲವನ್ನೂ ಅವಳು ಹಳಿಯಂಥ ಕಬ್ಬಿಣದ ಜಾಡಿನಲ್ಲಿ ಜಾರಿಸಿ ಒಂದು ಪಿನ್ನು ಸಿಕ್ಕಿಸಿದರೆ ಕೂರುವ ಹಾಗೆ ಮಾಡಿಸಿದ್ದಳು. ಪಿನ್ನು ಕಿತ್ತು ಎಳೆದರೆ ಮನೆ ಹೊರಗೆ. ತಳ್ಳಿದರೆ ಮನೆ ಒಳಗೆ.

ಕಪಾಟಿನ ಬಾಗಿಲಿನ ಒಳಮೈ ಮಾತ್ರ ಮೇಷ್ಟ್ರದು. ತಂಗಿದ ಕಡೆಯಲ್ಲೆಲ್ಲ ಅವರು ಅಲ್ಲಿ ಪೆನ್ಸಿಲಿನಿಂದ ಒಂದು ಚಿತ್ರ ಬರೆಯುತ್ತಿದ್ದರು. ಪಾತ್ರೆ ತೊಳೆಯುತ್ತಿರುವ ಹೆಂಡತಿ, ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ದಾರಿ ಹೇಳುತ್ತಿರುವ ಹೆಂಡತಿ, ಬಾಯಿ ತೆರೆದು ನಿದ್ದೆ ಹೋದ ಹೆಂಡತಿ. ಬಾಗಿಲು ಮುಕ್ಕಾಲು ತುಂಬಿತ್ತು. ಆಮೇಲೆ ಎರಡು ಗಡಿಗಳ ನಡುವಿನ ಒಂದು ಧೂಳಿನ ಊರಿನಲ್ಲಿ ಅವಳಿಗೆ ಜ್ವರ ಬಂತು, ಬಿಡಲಿಲ್ಲ. ಮುಂದಿನ ಗಡಿಯಲ್ಲಿ ಕಾಗದದಲ್ಲಿ ಇಬ್ಬರಿದ್ದರು, ಗಾಡಿಯಲ್ಲಿ ಒಬ್ಬರೇ ಇದ್ದರು. "ಇನ್ನೊಬ್ಬರೆಲ್ಲಿ?" ಎಂದು ಅಲ್ಲಿಯ ಅಧಿಕಾರಿ ಮಂಚದ ಕೆಳಗೆ ಬಗ್ಗಿ ನೋಡಿದ. ಏನು ಹೇಳಬೇಕೋ ತಿಳಿಯದೆ ಮೇಷ್ಟ್ರೂ ಅವನ ಜೊತೆ ಬಗ್ಗಿ ನೋಡಿದರು.

ಅಕ್ಕನ ಮನೆಯಲ್ಲಿ ಅವರಿಗೆಂದು ಒಂದು ಕೋಣೆ ಅಣಿಯಾಗಿತ್ತು. ಮೇಷ್ಟ್ರು ಊಟ ಅಲ್ಲಿ ಮಾಡಿ, ಮಲಗಲು ಮಾತ್ರ ಬೀದಿಗಿಳಿದು ವ್ಯಾನು ಹತ್ತುತ್ತಿದ್ದರು. ಮಂಚದ ಎಡಗಡೆಯ ಅರ್ಧದಲ್ಲೇ ಮಲಗುತ್ತಿದ್ದರು. ಅಕ್ಕ ಒಂದೆರಡು ಸಲ ಕರೆದು ನೋಡಿ, ಆಮೇಲೆ ಕರೆಯುವುದನ್ನು ಬಿಟ್ಟು, ಹೊದಿಕೆಯನ್ನೇ ವ್ಯಾನಿಗೆ ತಂದುಕೊಟ್ಟಿದ್ದಳು.

ಹೊರದೇಶದ ಗಾಡಿ ಇಲ್ಲಿ ಮೂರು ತಿಂಗಳು ಓಡಬಹುದು. ಅಷ್ಟರೊಳಗೆ ತಪಾಸಣೆಯಾಗಿ ಇಲ್ಲಿಯ ನಂಬರು ಬೀಳಬೇಕು. ಬೀಳದಿದ್ದರೆ ಗಾಡಿ ಅಂಗಳಕ್ಕೆ. ಅಂಗಳವೆಂದರೆ ತಪಾಸಣೆಯ ಶೆಡ್ಡಿಗೆ ಅಂಟಿಕೊಂಡ ಗೋಡೆಯಾಚೆಯ ಜಾಗ. ಅಲ್ಲಿ ಒಂದು ಯಂತ್ರ ವಾಹನಗಳನ್ನು ಹಿಂಡಿ ಹಿಂಡಿ ಟ್ರಂಕಿನಷ್ಟು ಮಾಡಿ ಇಡುತ್ತದೆ. ಬಂದ ವಾರವೇ ತಪಾಸಣೆಗೆ ಹೋಗಿಬರೋಣ ಎಂದು ಮೇಷ್ಟ್ರು ಎಂದಿದ್ದರು.

"ಈಗ್ಲೇ ಯಾಕಯ್ಯಾ?" ಎಂದಿದ್ದರು ಭಾವ. "ಕೊನೇ ದಿನ ಹೋದ್ರೆ ರಶ್ ಇರಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ಈ ದೇಶದ ರೂಲ್ಸೆಲ್ಲಾ ನನ್ನ ನಾಲಿಗೆ ತುದೀಲಿದೆ."

ಈವತ್ತು ಆ ಕೊನೇ ದಿನ. ರಶ್ ಇತ್ತು. ಕೊನೇ ದಿನ ರಶ್ ಇರುವುದಿಲ್ಲವೆಂದು ತಿಳಿದವರೆಲ್ಲ ಬಂದಿದ್ದರು.

ಇನ್ಸ್‌ಪೆಕ್ಟರು ಸಣಕಲು ದೇಹದ ಮನುಷ್ಯ. ಕೊರಳಲ್ಲಿ ಅಳತೆಯ ಟೇಪು. ಆಡಿದ ಒಂದೊಂದು ಮಾತಿಗೂ ಸಂಬಳದಲ್ಲಿ ಕಡಿತವಾಗುತ್ತದೆಯೋ ಏನೋ ಎಂಬಂತೆ ಮಾತಾಡುತ್ತಿದ್ದರು. ವ್ಯಾನಿನ ಮುಂದೆ ನಿಂತು, "ಗಾರ್ಡು ತೆಗೀಬೇಕು. ಜನಕ್ಕೆ ಬಡಿದ್ರೆ ಉಳಿಯಲ್ಲ," ಎಂದರು. ತಲೆಯೆತ್ತಿ, "ದೀಪ ತೆಗೀಬೇಕು. ಎದುರಿನವ್ನ ಕಣ್ಣು ಹೋಗುತ್ತೆ," ಎಂದರು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಟೈರು ಮೈಯಿಂದ ಆಚೆ ಬಂದಿದೆ. ಮೇಲೆ ಮುಚ್ಚಬೇಕು," ಎಂದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದರು. ಮಂಚವನ್ನು ಅಂಗೈಯಿಂದ ಎರಡು ಸಲ ಒತ್ತಿದರು. ಒಲೆಯ ಗುಂಡಿ ತಿರುಗಿಸಿದರು. ಕಪಾಟು ತೆರೆದು, ಬಾಗಿಲಿನ ಚಿತ್ರಗಳನ್ನು ಒಂದು ಗಳಿಗೆ ನೋಡಿದರು.

"ಹೂಂ," ಎಂದರು.

ಕಪಾಟಿನ ರಬ್ಬರ್ ಪಟ್ಟಿಯನ್ನು ಮೊದಲಿನಂತೆ ಸಿಕ್ಕಿಸಿ ಕೆಳಗಿಳಿದರು. "ಮೂರು ಸರಿ ಮಾಡ್ಕೊಂಡು ನಾಲ್ಕು ಗಂಟೆಯೊಳಗೆ ಬನ್ನಿ."

"ನಾಲ್ಕು ದಾಟಿದ್ರೆ ಸಾರ್?"

ಇನ್ಸ್‌ಪೆಕ್ಟರು ಪೆನ್ನಿನಿಂದ ಹಿಂದಿನ ಗೋಡೆ ತೋರಿಸಿದರು. ಅದರಾಚೆ ಯಂತ್ರ ಏನನ್ನೋ ಅಗಿಯುತ್ತಿತ್ತು. ಹಲ್ಲಿಲ್ಲದ ಮುದುಕ ಹಟ ಹಿಡಿದು ಗಟ್ಟಿ ಪದಾರ್ಥ ನುರಿಸುವಾಗಿನ ಸದ್ದು. ಗೋಡೆಯ ಮೇಲಿಂದ ಮುರುಕು ಕೈಗಾಡಿ, ಛತ್ರಿ, ಬೆಂಚು, ಅಂಗಡಿಯ ಬೋರ್ಡುಗಳ ಗುಡ್ಡೆಯೂ ಕಾಣುತ್ತಿತ್ತು. ಫುಟ್‌ಪಾತಿನಿಂದ ನಗರಸಭೆಯವರು ಎತ್ತಿಕೊಂಡು ಬಂದ ಸಾಮಾನಿಗೂ ಅದೇ ಅಂಗಳ.

ವ್ಯಾನು ಗೇಟು ದಾಟುತ್ತಲೇ ಭಾವ ಕೇಳಿದರು: "ಕೇಳಿಸ್ಕೊಂಡ್ಯಾ?"

"ಮೂರೇ ತಾನೆ ಭಾವ? ಮಾಡಿಸ್ಬಿಡೋಣ."

"ಮೂರಲ್ಲಯ್ಯಾ! ಆ ಹೂಂ ಕೇಳಿಸ್ಕೊಂಡ್ಯಾ ಅಂತ ನಾನು ಕೇಳ್ತಿರೋದು. ಗಾರ್ಡು ನೋಡಿದಾಗ ಗಾರ್ಡು ಅಂದ. ದೀಪ ನೋಡಿದಾಗ ದೀಪ ಅಂದ. ಒಳಗೆ ನೋಡಿದಾಗ ಮಾತ್ರ ಹೂಂ ಅಂದ. ಯಾಕೆ? ಬಾಯಲ್ಲಿ ಹೇಳಕ್ಕಾಗದಷ್ಟು ತಪ್ಪಿದೆ ಅಂತ."

ಮೇಷ್ಟ್ರು ವ್ಯಾನಿನ ವೇಗ ತಗ್ಗಿಸಿದರು. ಅವರಿಬ್ಬರೂ ಹುಟ್ಟಿ ಬೆಳೆದ ಕಡೆ ಅಧಿಕಾರಿಯ ಮಾತಿಗಿಂತ ಮೌನಕ್ಕೆ ತೂಕ ಹೆಚ್ಚು. ಹೇಳಿದ್ದನ್ನು ಸರಿಪಡಿಸಿದರೆ ಸಾಲದು. ಹೇಳದೆ ಬಿಟ್ಟದ್ದನ್ನು ಊಹಿಸಿ, ಕೇಳುವ ಮೊದಲೇ ಸರಿಪಡಿಸಿರಬೇಕು. ಮೇಷ್ಟ್ರು ತಮ್ಮ ಇಡೀ ನೌಕರಿಯನ್ನು ಹೆಡ್‌ಮಾಸ್ಟರ ಗಂಟಲಿನ ಸದ್ದಿಗೆ ಕಿವಿಗೊಟ್ಟೇ ಕಳೆದವರು. ಕಾವ್ಯವಾಚನಕ್ಕೆ ಕೂತ ಭಕ್ತ ರಾಗ ಎಲ್ಲಿ ಇಳಿಯುತ್ತದೆಂದು ಕಾಯುವ ಹಾಗೆ ಅವರು ಆ ಕೆಮ್ಮಿನ ಏರಿಳಿತ ಕಾಯುತ್ತಿದ್ದರು.

"ವಾಪಸ್ ಹೋಗಿ ಕೇಳ್ಬಿಡೋಣ್ವಾ ಭಾವ, ಹೂಂ ಅಂದ್ರೇನು ಅಂತ?"

"ಕೇಳ್ತೀಯಾ? ಕೇಳಿದ್ರೆ ಹೇಳ್ತಾನೆ. ಹೇಳಿದ್ಮೇಲೆ ಬರೀತಾನೆ. ಬರೆದ್ಮೇಲೆ ಮುಗೀತು ಕತೆ. ಸುಮ್ನೆ ಓಡ್ಸು."

ಬೀದಿಗೆ ಬರುವಷ್ಟರಲ್ಲಿ ಎದುರುಮನೆಯ ಬರ್ಲಿಬರ್ಲಿ ರಸ್ತೆಯ ಮಧ್ಯೆ ಬಂದು ನಿಂತಾಗಿತ್ತು. ಇವರು ನಿವೃತ್ತ ಬಸ್ ಡ್ರೈವರು. ಬೀದಿಯಲ್ಲಿ ಯಾರ ಗಾಡಿ ಅಲುಗಾಡಿದರೂ ಹಿಂದೆ ಬಂದು ನಿಂತು ಕೈ ಬೀಸುತ್ತ, "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಿದ್ದುದರಿಂದ ಅದೇ ಹೆಸರಾಗಿತ್ತು. ಅವರ ಮಾತು ನಂಬಿ ಹಿಂದಕ್ಕೆ ಬಂದವರ ದೆಸೆಯಿಂದ ಆ ಬೀದಿಯ ಮೂರು ಗೇಟಿನ ಕಂಬಗಳು ಒಂದೇ ಕಡೆಗೆ ವಾಲಿದ್ದವು.

ಮೂಲೆಯ ಅಂಗಡಿಯ ವೆಲ್ಡರ್ ಹೆಂಗಸು ಮುಖವಾಡ ಮೇಲೆತ್ತಿ ವ್ಯಾನಿನ ಮೂತಿ ನೋಡಿದಳು. "ಗಾರ್ಡಾ? ಐದು ನಿಮಿಷ." ಬೋಲ್ಟುಗಳು ಅಷ್ಟೂ ದೇಶಗಳ ಧೂಳು ಕುಡಿದು ತುಕ್ಕು ಹಿಡಿದಿದ್ದವು; ಐದು ನಿಮಿಷ ಒಂದೂವರೆ ಗಂಟೆಯಾಯಿತು. ಗಾರ್ಡು ಬಿಚ್ಚುವಾಗ ಬಂಪರಿನ ಒಂದು ತುದಿಯೂ ಅದರ ಜೊತೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದಂತೆ ನೇತಾಡಿಕೊಂಡು ನಿಂತಿತು.

ದೀಪದ ಕೆಲಸ ಬರ್ಲಿಬರ್ಲಿಯದು. ಅವರು ವ್ಯಾನಿನ ನೆತ್ತಿ ಹತ್ತಿ ಒಂದನ್ನು ಬಿಚ್ಚಿ, "ಹಿಡ್ಕಳಿ ಮೇಷ್ಟ್ರೆ!" ಎಂದು ಎಸೆದರು. ಮೇಷ್ಟ್ರು ಎದೆಗವಚಿ ಹಿಡಿದರು. ಅದನ್ನು ಇಡುವ ಮೊದಲೇ ಎರಡನೆಯದು ಬಂತು. ಅದನ್ನು ಭಾವನ ಪಾದ ಹಿಡಿದುಕೊಂಡಿತು.

"ಅಯ್ಯಯ್ಯಪ್ಪಾ! ಯಾರ್ ಕಡೆ ನೋಡ್ಕೊಂಡ್ ಎಸೀತೀರ್ರೀ?"

"ನಾನು ಮೇಷ್ಟ್ರಿಗೇ ಎಸ್ದಿದ್ದು. ನೀವ್ಯಾಕೆ ಮಧ್ಯ ಕಾಲು ಹಾಕಿದ್ರಿ?"

ಅಲ್ಲಿಂದ ಮುಂದೆ ಭಾವ ಕುಂಟುತ್ತ, ಒಂದೊಂದು ಹೆಜ್ಜೆಗೂ ಮೇಷ್ಟ್ರ ಮುಖ ನೋಡುತ್ತ ಸಲಹೆ ಕೊಟ್ಟರು.

ಉಳಿದದ್ದು ಟೈರು. "ಅಗಲದ ರಬ್ಬರ್ ಹಾಳೆ ಇದ್ರೆ ಚಕ್ರದ ಮೇಲೆ ಚಾಚಿ ಬಡೀಬೋದು," ಎಂದಳು ವೆಲ್ಡರ್. "ಅಂಥದ್ದು ಈಗ ಎಲ್ಲಿ ಹುಡುಕ್ತೀರಿ?" ಎಲ್ಲರೂ ಅತ್ತಿತ್ತ ನೋಡಿದರು. ಎಲ್ಲರ ಕಣ್ಣೂ ಅಕ್ಕನ ಮನೆಯ ಬಾಗಿಲಲ್ಲಿ ಹಾಸಿದ್ದ ದಪ್ಪ ರಬ್ಬರಿನ ಕಾಲೊರಸಿನ ಮೇಲೆ ಬಂದು ನಿಂತವು. ಅದರ ಮೇಲೆ ಅಕ್ಕ ನಿಂತಿದ್ದಳು.

"ಏನ್ ಹಾಗ್ ನೋಡ್ತೀರಿ? ಇದು ಮೊನ್ನೆ ತಂದಿದ್ದು."

"ಅಕ್ಕಾ..." ಎಂದರು ಮೇಷ್ಟ್ರು.

ಅಕ್ಕ ತಮ್ಮನ ಮುಖ ನೋಡಿ ಕೆಳಗಿಳಿದಳು. ಕಾಲೊರಸಿನ ಉದ್ದಕ್ಕೂ 'ಸುಸ್ವಾಗತ' ಎಂದು ಅಚ್ಚಾಗಿತ್ತು. ವೆಲ್ಡರ್ ಅದನ್ನು ಸರಿಯಾಗಿ ನಾಲ್ಕು ತುಂಡು ಮಾಡಿದಳು. ಮುಂದಿನ ಎಡ ಚಕ್ರದ ಮೇಲೆ 'ಸು', ಬಲದ ಮೇಲೆ 'ಸ್ವಾ', ಹಿಂದಿನ ಎಡದ ಮೇಲೆ 'ಗ', ಬಲದ ಮೇಲೆ 'ತ' ಕೂತವು.

ಅಲ್ಲಿಗೆ ಹೇಳಿದ ಮೂರೂ ಕೆಲಸ ಮುಗಿದವು. ಇನ್ನೂ ಹೊತ್ತಿತ್ತು. ಆ ಹೊತ್ತು ಇದ್ದದ್ದೇ ತೊಂದರೆಯಾಯಿತು.

"ಈಗ ಒಳಗಿಂದು," ಎಂದರು ಭಾವ.

"ಒಳಗಿಂದಾ?" ಅಕ್ಕ ಮೆಟ್ಟಿಲಿಳಿದು ಬಂದಳು. "ಅದನ್ಯಾಕ್ರೀ ಮುಟ್ತೀರಿ? ಅದೇನ್ ಮಾಡ್ತು ನಿಮಗೆ? ಅವಳು ಮಾಡಿಟ್ಟಿದ್ದು ಅಂತ ಅದೊಂದೇ ಉಳಿದಿರೋದು."

"ಇನ್ಸ್‌ಪೆಕ್ಟರು ಹೂಂ ಅಂದಿದಾನೆ ಕಣೇ."

"ಹೂಂ ಅಂದ್ರಾ!" ಇನ್ನೂ ವ್ಯಾನಿನ ನೆತ್ತಿಯ ಮೇಲಿದ್ದ ಬರ್ಲಿಬರ್ಲಿ ಅಲ್ಲೇ ಕುಸಿದು ಕೂತರು. "ನನ್ ಸರ್ವೀಸಲ್ಲಿ ಡಿಪೋ ಮ್ಯಾನೇಜರು ಒಂದೇ ಒಂದ್ಸಲ ನನ್ ಕಡೆ ನೋಡಿ ಹೂಂ ಅಂದ್ರು. ಮಾರನೇ ದಿನ ನಾನು ರಿಟೈರ್ಡು."

"ನಿಮಗೆ ವಯಸ್ಸಾಗಿತ್ತಲ್ರೀ?" ಎಂದಳು ಅಕ್ಕ.

"ವಯಸ್ಸೂ ಆಗಿತ್ತು. ಹೂಂ ಅಂದಿದ್ದೂ ಹೌದು."

ವೆಲ್ಡರ್ ಕೈ ಒರೆಸಿಕೊಳ್ಳುತ್ತ, "ಬಾಯ್ಬಿಟ್ಟು ಹೇಳ್ದೆ ಇರೋದನ್ನ ಯಾಕೆ ತೆಗೀಬೇಕು?" ಎಂದಳು.

"ನೀನು ಕಬ್ಬಿಣ ನೋಡ್ಕೊಮ್ಮಾ, ಮನುಷ್ಯರನ್ನ ನಾನು ನೋಡ್ಕೋತೀನಿ," ಎಂದರು ಭಾವ. ಆಮೇಲೆ ಮೇಷ್ಟ್ರ ಭುಜದ ಮೇಲೆ ಕೈಯಿಟ್ಟು, ಮಗುವಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಬಿಡಿಸಿ ಹೇಳಿದರು: "ಒಲೆ ಅಂದ್ರೇನು? ಬೆಂಕಿ. ಓಡೋ ಗಾಡೀಲಿ ಬೆಂಕಿ! ಮಂಚ ಅಂದ್ರೇನು? ನಿದ್ದೆ. ಓಡೋ ಗಾಡೀಲಿ ನಿದ್ದೆ! ಕಪಾಟು ಅಂದ್ರೆ ಮುಚ್ಚಿಡೋದು. ಏನ್ ಮುಚ್ಚಿಟ್ಟಿದೀರಿ ಅಂತ ಕೇಳಲ್ವಾ? ನೀನೇ ಇನ್ಸ್‌ಪೆಕ್ಟರಾಗಿದ್ರೆ ಏನಂತಿದ್ದೆ?"

ಮೇಷ್ಟ್ರು ಯೋಚಿಸಿದರು. ತಾವು ಇನ್ಸ್‌ಪೆಕ್ಟರಾಗಿದ್ದರೆ ಹೂಂ ಎನ್ನುತ್ತಿದ್ದೆ ಎಂದೇ ಅವರಿಗೂ ಅನ್ನಿಸಿತು.

"ಗಾಡಿ ಉಳಿದ್ರೆ ಮತ್ತೆ ಹಾಕ್ಕೋಬೋದಲ್ಲ ಅಕ್ಕ," ಎಂದರು. "ಗಾಡೀನೇ ಹೋದ್ರೆ ಹಾಕೋದು ಎಲ್ಲಿಗೆ?"

ಮೊದಲ ಪಿನ್ನನ್ನು ಅವರೇ ಕಿತ್ತರು. ಹೆಂಡತಿ ಎಣ್ಣೆ ಹಾಕಿ ಕಾಪಾಡಿದ್ದ ಜಾಡು. ಮಂಚ ಒಂದು ಮಾತೂ ಆಡದೆ, ಹೇಳಿದ್ದು ಕೇಳುವವಳ ಹಾಗೆ ಜಾರಿ ಹೊರಬಂತು. ಒಲೆ ಬಂತು. ಕಪಾಟು ಬಂತು. ನೀಲಿ ಪರದೆ ಬಂತು. ಒಂದೊಂದಾಗಿ ಎಲ್ಲವನ್ನೂ ಫುಟ್‌ಪಾತಿನ ಮೇಲೆ ಗೋಡೆಗೆ ಒರಗಿಸಿ ಇಟ್ಟರು. ಕೊನೆಗೆ ಒಳಗೆ ಉಳಿದದ್ದು ಕನ್ನಡಕದ ಕೊಕ್ಕೆ.

"ಅದೂ," ಎಂದರು ಭಾವ.

"ಅದಿರ್ಲಿ ಭಾವ."

"ಅಲ್ಲಯ್ಯಾ..."

"ಅದಿರ್ಲಿ ಅಂದೆ." ಇಡೀ ದಿನದಲ್ಲಿ ಅವರು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಹೆಂಡತಿಯ ಕನ್ನಡಕವನ್ನು ಮಾತ್ರ ತೆಗೆದು ಜೇಬಿಗಿಟ್ಟುಕೊಂಡರು.

ಧೂಳು ಕೂರದಿರಲೆಂದು ಅಕ್ಕ ಫುಟ್‌ಪಾತಿನ ಮಂಚದ ಮೇಲೆ ಒಂದು ಶುಭ್ರವಾದ ಹೊದಿಕೆ ಹಾಸಿದಳು. ದಿಂಬನ್ನೂ ತಟ್ಟಿ ಇಟ್ಟಳು. ಬರ್ಲಿಬರ್ಲಿಗೆ ಟೀ ಬೇಕೆನಿಸಿತು. ಮನೆಯೊಳಗಿನ ಒಲೆಗಿಂತ ಬೀದಿಯ ಒಲೆ ಹತ್ತಿರವಿತ್ತು; ಅಕ್ಕ ಅದನ್ನೇ ಹಚ್ಚಿದಳು. ಕಪಾಟಿನಿಂದ ಲೋಟ ತೆಗೆಯಲು ಬಾಗಿಲು ತೆರೆದವಳು ಚಿತ್ರಗಳನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಟೀ ಉಕ್ಕಿತು.

ತಪಾಸಣೆಗೆ ಹೊರಟವರು ಮೂವರು: ಮೇಷ್ಟ್ರು, ಕುಂಟುವ ಭಾವ, ಮತ್ತು ಬೇಡವೆಂದರೂ ಹತ್ತಿಕೊಂಡ ಬರ್ಲಿಬರ್ಲಿ. ಖಾಲಿ ವ್ಯಾನು ಗುಂಡಿ ಸಿಕ್ಕಲ್ಲೆಲ್ಲ ಡಬ್ಬದ ಹಾಗೆ ಸದ್ದು ಮಾಡಿತು.

ಇನ್ಸ್‌ಪೆಕ್ಟರು ಮುಂದೆ ನೋಡಿದರು, ಮೇಲೆ ನೋಡಿದರು. ಚಕ್ರಗಳ ಸುತ್ತ ಒಂದು ಸುತ್ತು ಬಂದರು. ಅವರು ಬಂದ ದಿಕ್ಕಿಗೆ ಅದು 'ಸುಸ್ವಾತಗ' ಎಂದಾಯಿತು. ಹುಬ್ಬು ಗಂಟಿಕ್ಕಿ, ಮತ್ತೆ ಮುಂದಕ್ಕೆ ಹೋಗಿ, ಒಂದೊಂದೇ ಚಕ್ರವನ್ನು ಸರಿಯಾದ ಕ್ರಮದಲ್ಲಿ ಓದಿಕೊಂಡರು.

"ಮೂರೂ ಸರಿ ಇದೆ."

ಇನ್ಸ್‌ಪೆಕ್ಟರು ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದರು. ಈ ಸಲ ಹೂಂ ಬರಲಿಲ್ಲ. ಭಾವ ಮೇಷ್ಟ್ರ ಪಕ್ಕೆಗೆ ತಿವಿದು, "ನೋಡಿದ್ಯಾ, ಹೂಂ ನಿಂತೋಯ್ತು," ಎಂದು ಪಿಸುಗುಟ್ಟಿದರು.

"ಮಂಚ ಎಲ್ಲಿ?"

"ತೆಗೆದ್ವಿ ಸಾರ್."

"ಒಲೆ?"

"ತೆಗೆದ್ವಿ."

"ಕಪಾಟು?"

"ಎಲ್ಲಾ ತೆಗೆದ್ಬಿಟ್ವಿ ಸಾರ್!" ಎಂದರು ಭಾವ ಎದೆಯುಬ್ಬಿಸಿ. "ಒಂದು ಕೊಕ್ಕೆ ಬಿಟ್ಟು ಏನೂ ಉಳಿಸಿಲ್ಲ."

"ತೆಗೀರಿ ಅಂತ ಯಾರು ಹೇಳಿದ್ದು?"

"ನೀವೇ ಸಾರ್," ಎಂದರು ಮೇಷ್ಟ್ರು. "ಬೆಳಿಗ್ಗೆ... ಹೂಂ ಅಂದ್ರಲ್ಲ."

ಇನ್ಸ್‌ಪೆಕ್ಟರು ಟೇಪನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಅಳೆಯುವಂಥದ್ದು ಇನ್ನೇನೂ ಇರಲಿಲ್ಲ. "ಚೆನ್ನಾಗಿದೆ ಅಂತ ಹೂಂ ಅಂದೆ. ಅದನ್ನ ನೋಡಿನೇ ನಿಮ್ ಗಾಡಿ ಪಾಸ್ ಮಾಡೋನಿದ್ದೆ."

ಆಮೇಲೆ ಅವರು ಎಂದೂ ಆಡದಷ್ಟು ಮಾತಾಡಿದರು. ಹತ್ತು ವರ್ಷ ದಾಟಿದ ಸಾದಾ ವ್ಯಾನಿಗೆ ಈ ದೇಶದಲ್ಲಿ ನಂಬರಿಲ್ಲ. ಮೇಷ್ಟ್ರದು ಇಪ್ಪತ್ತು ದಾಟಿದೆ. ಆದರೆ ಒಳಗೆ ಮಂಚ, ಒಲೆ, ಕಪಾಟು ಇದ್ದರೆ ಅದು ವ್ಯಾನಲ್ಲ, ಮನೆಗಾಡಿ. "ಮನೆಗೆ ನಾವು ವಯಸ್ಸು ಕೇಳಲ್ಲ. ಈಗ ಇದು ಮನೆ ಅಲ್ವಲ್ಲ."

ಭಾವ ತಮ್ಮ ಪಾದವನ್ನು ಪರೀಕ್ಷಿಸಲು ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಸಾರ್, ಈಗ್ಲೇ ತಂದು ಹಾಕ್ತೀನಿ. ತಳ್ಳಿದ್ರೆ ಕೂತ್ಕೊಳುತ್ತೆ ಸಾರ್, ಹಾಗೇ ಮಾಡ್ಸಿದಾಳೆ," ಎಂದರು ಮೇಷ್ಟ್ರು. ಅವರ ಕೈ ಜೇಬಿನಲ್ಲಿದ್ದ ಹೆಂಡತಿಯ ಕನ್ನಡಕವನ್ನು ಹಿಡಿದುಕೊಂಡಿತ್ತು.

"ನಾಲ್ಕರೊಳಗೆ ತನ್ನಿ. ನಾಲ್ಕಾದ್ಮೇಲೆ ಕಂಪ್ಯೂಟರು ನನ್ ಮಾತೂ ಕೇಳಲ್ಲ."

ವ್ಯಾನನ್ನು ಹಿಂದಕ್ಕೆ ತಿರುಗಿಸಬೇಕಿತ್ತು. "ಬರ್ಲಿ, ಬರ್ಲಿ, ಬರ್ಲಿ," ಎಂಬ ಸದ್ದು ಕೇಳಿತು. ಆಮೇಲೆ ಬೇರೊಂದು ಸದ್ದು ಕೇಳಿತು. ತಪಾಸಣೆ ಕಚೇರಿಯ ಗೇಟಿನ ಕಂಬವೂ ಒಂದು ಕಡೆಗೆ ವಾಲಿತು. ಗೇಟಿನ ಕಾವಲುಗಾರನಿಗೆ ಸಮಾಧಾನ ಹೇಳಿ ಹೊರಬೀಳುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಯಿತು.

ಬೀದಿಯಲ್ಲಿ ನಗರಸಭೆಯ ಲಾರಿ ನಿಂತಿತ್ತು. ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲ್ವಿಚಾರಕ, ಅವನೆದುರು ಸೌಟು ಹಿಡಿದುಕೊಂಡು ಅಕ್ಕ.

"ಫುಟ್‌ಪಾತಿನ ಮೇಲೆ ಮನೆ ಮಾಡೋ ಹಾಗಿಲ್ಲಮ್ಮ."

"ಇದು ಮನೆಯಲ್ಲ ಕಣಪ್ಪಾ, ಸಾಮಾನು! ನಮ್ಮ ಮನೆ ಅಲ್ಲಿದೆ ನೋಡು."

"ಹಾಸಿದ ಮಂಚ ಇದೆ. ಒಲೆ ಇನ್ನೂ ಬಿಸಿ ಇದೆ. ಕಪಾಟಲ್ಲಿ ಸಂಸಾರದ ಚಿತ್ರ ಬೇರೆ ಇದೆ. ಮನೆ ಅನ್ನಕ್ಕೆ ಇನ್ನೇನು ಬೇಕು?"

ಮೇಷ್ಟ್ರು ವ್ಯಾನಿನಿಂದ ಹಾರಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಸಾರ್! ಇದೇ ಮಾತು ತಪಾಸಣೆ ಆಫೀಸಿಗೆ ಬಂದು ಹೇಳ್ತೀರಾ? ಇದು ಮನೆ ಅಂತ ಒಂದು ಮಾತು?"

"ಲೋ ಮಾರಾಯ, ಒಪ್ಕೋಬೇಡ್ವೋ!" ಎಂದು ಭಾವ ವ್ಯಾನಿನಿಂದ ಕೂಗುವಷ್ಟರಲ್ಲಿ ಹೊತ್ತು ಮೀರಿತ್ತು.

"ಮನೆ ಅಂತ ನೀವೇ ಒಪ್ಕೊಂಡ್ರಲ್ಲ," ಎಂದ ಮೇಲ್ವಿಚಾರಕ, ಸಮಾಧಾನದಿಂದ. "ಎತ್ರೋ!"

ಮಂಚ ಲಾರಿ ಹತ್ತಿತು. ಒಲೆ, ಕಪಾಟು, ಪರದೆ, ಪಿನ್ನುಗಳ ಪೊಟ್ಟಣ, ಎಲ್ಲವೂ ಹತ್ತಿದವು. "ಎಲ್ಲಿಗೆ ಒಯ್ತೀರಿ?" ಎಂದು ಅಕ್ಕ ಅಳುದನಿಯಲ್ಲಿ ಕೇಳಿದಳು.

"ಅಂಗಳಕ್ಕೆ."

ಭಾವನ ಮುಖ ಅರಳಿತು. "ತಪಾಸಣೆ ಶೆಡ್ಡಿನ ಹಿಂದೆ! ಅಯ್ಯಾ, ಒಳ್ಳೇದೇ ಆಯ್ತಲ್ಲೋ! ಬಾಡಿಗೆ ಇಲ್ದೆ ಸಾಮಾನು ಅಲ್ಲಿಗೇ ಹೋಗ್ತಿದೆ. ನಾವು ಹಿಂದೆ ಹೋಗೋಣ, ಅಲ್ಲೇ ಕಾಲು ಹಿಡಿದು ಇಸ್ಕೊಂಡು ತಳ್ಳಿಬಿಡೋಣ."

ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಲಾರಿಯ ಬೆನ್ನಿಗೆ ವ್ಯಾನು ಬಿಟ್ಟರು. ಲಾರಿಯ ಮೇಲೆ ಅವರ ಮಂಚ ಅಂಗಾತ ಮಲಗಿ ಆಕಾಶ ನೋಡುತ್ತಿತ್ತು. ಕಪಾಟಿನ ಬಾಗಿಲು ತೆರೆದು, ಮುಚ್ಚಿ, ತೆರೆದು, ಪ್ರತಿ ಸಲವೂ ಹೆಂಡತಿ ಒಂದು ಕ್ಷಣ ಕಾಣಿಸಿ ಮರೆಯಾಗುತ್ತಿದ್ದಳು.

ಆದರೆ ನಗರಸಭೆಯ ಲಾರಿಗೆ ಆತುರವಿರಲಿಲ್ಲ. ಒಂದು ಮೂಲೆಯಲ್ಲಿ ನಿಂತು ಒಂದು ಕೈಗಾಡಿ ಎತ್ತಿಕೊಂಡಿತು. ಮುಂದಿನ ಮೂಲೆಯಲ್ಲಿ ಒಂದು ಛತ್ರಿ. ಅದರ ಮುಂದೆ ಬೀದಿ ಕ್ಷೌರಿಕನ ಕುರ್ಚಿ. ಅದು ಭಾರವಿತ್ತು, ಕ್ಷೌರಿಕ ಅದನ್ನು ತಬ್ಬಿಕೊಂಡಿದ್ದ. ಹೊತ್ತಾಗುವುದನ್ನು ತಡೆಯಲಾರದೆ ಮೇಷ್ಟ್ರೇ ಇಳಿದು ಹೋಗಿ ಕುರ್ಚಿಯ ಒಂದು ಕಾಲು ಹಿಡಿದರು.

"ನಿಮ್ ಮನೆ ಹಾಳಾಗ!" ಎಂದ ಕ್ಷೌರಿಕ.

"ಆಗಿದೆಯಪ್ಪಾ," ಎಂದರು ಮೇಷ್ಟ್ರು, ಕುರ್ಚಿ ಎತ್ತುತ್ತ. "ಅದಕ್ಕೇ ಅವಸರ."

ಅವರು ಗೇಟು ಮುಟ್ಟಿದಾಗ ಶೆಡ್ಡಿನ ಷಟರು ಅರ್ಧ ಇಳಿದಿತ್ತು. ಅದರ ಕೆಳಗೆ ಇನ್ಸ್‌ಪೆಕ್ಟರ ಕಾಲುಗಳು ಕಾಣುತ್ತಿದ್ದವು, ಅವರು ಕಾದಿದ್ದರು. ಕಂಪ್ಯೂಟರು ಕಾದಿರಲಿಲ್ಲ. ಕಾವಲುಗಾರ ವ್ಯಾನಿನ ಮುಂದೆ ಬಂದು, ವಾಲಿದ ಕಂಬದ ಪಕ್ಕ ನಿಂತು, ಅಂಗಳದ ಕಡೆ ಕೈ ತೋರಿಸಿದ. "ಆ ಕಡೆ ಬಿಡಿ. ಕೀ ಇಲ್ಲಿ ಕೊಡಿ."

ಮೇಷ್ಟ್ರು ವ್ಯಾನನ್ನು ಅಂಗಳದೊಳಗೆ ಬಿಟ್ಟು ಕೀಲಿಕೈ ಕೊಟ್ಟರು. ಬರ್ಲಿಬರ್ಲಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತರು.

ಹಿಂದೆಯೇ ಲಾರಿ ಬಂತು. ಅಂಗಳ ತುಂಬಿ ತುಳುಕುತ್ತಿತ್ತು. ಕಾವಲುಗಾರ ತಲೆ ಕೆರೆದುಕೊಂಡು ಸುತ್ತ ನೋಡಿ, "ಜಾಗ ಎಲ್ಲಿದೆಯಪ್ಪಾ? ಆ ವ್ಯಾನು ಖಾಲಿ ಇದ್ಯಲ್ಲ, ಅದರೊಳಗೆ ತುಂಬಿ," ಎಂದ.

ಇಬ್ಬರು ಆಳುಗಳು ಮಂಚವನ್ನು ವ್ಯಾನಿನ ಬಾಯಿಗೆ ಹಿಡಿದರು. ಉಳಿದದ್ದನ್ನು ಜಾಡೇ ಮಾಡಿತು. ಮಂಚ ಮೆತ್ತಗೆ ಜಾರಿ ಹೋಗಿ, ಕೊನೆಯಲ್ಲಿ 'ಟಕ್' ಎಂದು ಕೂತಿತು. "ಅರೆ, ಇದಕ್ಕೇ ಅಳತೆ ತೆಗೆದಂಗಿದೆ!" ಎಂದ ಒಬ್ಬ. ಒಲೆಯನ್ನು ತಳ್ಳಿದ, ಕೂತಿತು. ಕಪಾಟು ತಳ್ಳಿದರು, ಕೂತಿತು. ಕೆಲಸ ಇಷ್ಟು ಸಲೀಸಾಗಿ ಆದದ್ದಕ್ಕೆ ಖುಷಿಯಾಗಿ ಇನ್ನೊಬ್ಬ ಪೊಟ್ಟಣ ಬಿಚ್ಚಿ ಪಿನ್ನುಗಳನ್ನೂ ಸಿಕ್ಕಿಸಿದ, ಪರದೆಯನ್ನೂ ಎಳೆದು ಕಟ್ಟಿದ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗಾರ್ಡಿಲ್ಲ, ದೀಪವಿಲ್ಲ, ಟೈರಿನ ಮೇಲೆ ಸುಸ್ವಾಗತ. ಒಳಗೆ ಮಂಚ, ಒಲೆ, ಕಪಾಟು. ಈ ದೇಶದ ಎಲ್ಲ ನಿಯಮಕ್ಕೂ ಒಪ್ಪುವ ಮನೆಗಾಡಿಯೊಂದು ಯಂತ್ರದ ಮುಂದಿನ ಸಾಲಿನಲ್ಲಿ ನಿಂತಿತ್ತು.

ಷಟರು ಪೂರ್ತಿ ಇಳಿಸಿ, ಊಟದ ಚೀಲ ಹೆಗಲಿಗೇರಿಸಿ ಮನೆಗೆ ಹೊರಟ ಇನ್ಸ್‌ಪೆಕ್ಟರು ಅಂಗಳದ ಒಳದಾರಿ ಹಿಡಿದು ಬಂದರು. ವ್ಯಾನಿನ ಹತ್ತಿರ ಅವರ ಕಾಲು ನಿಂತಿತು. ಒಳಗೆ ಬಗ್ಗಿದರು. ಮಂಚವನ್ನು ಅಂಗೈಯಿಂದ ಎರಡು ಸಲ ಒತ್ತಿದರು. ಕಪಾಟು ತೆರೆದು ಚಿತ್ರಗಳನ್ನು ನೋಡಿದರು. ಬಾಗಿಲ ಕೆಳಗಿನ ಕಾಲುಭಾಗ ಖಾಲಿಯಿತ್ತು, ಅದನ್ನೂ ನೋಡಿದರು.

"ಹೂಂ," ಎಂದರು.

ರಬ್ಬರ್ ಪಟ್ಟಿ ಸಿಕ್ಕಿಸಿ, ತಲೆ ತಗ್ಗಿಸಿ ಹೊರಟುಹೋದರು.

ಭಾವ ಮೇಷ್ಟ್ರ ಮೊಣಕೈ ಹಿಡಿದರು. "ಕೇಳಿಸ್ಕೊಂಡ್ಯಾ? ಈ ಸಲದ ಹೂಂ ಬೇರೆ ಥರ ಇತ್ತು."

ಮೇಷ್ಟ್ರ ಕೈ ಮತ್ತೆ ಜೇಬಿನ ಕನ್ನಡಕ ಹಿಡಿದಿತ್ತು. ಕಣ್ಣು ಕಪಾಟಿನ ಬಾಗಿಲಿನ ಮೇಲಿತ್ತು.

ಕಾವಲುಗಾರ ಬೀಗ ಹಿಡಿದುಕೊಂಡು ಬಂದ. ಒಳ್ಳೆಯ ಮನುಷ್ಯ, ಮುಖ ನೋಡಿ ದನಿ ತಗ್ಗಿಸಿದ. "ಯಜಮಾನ್ರೇ, ಬೆಳಿಗ್ಗೆ ಯಂತ್ರ ಶುರುವಾಗುತ್ತೆ. ಒಳಗಿಂದ ಏನಾದ್ರೂ ಬೇಕಿದ್ರೆ ಈಗ್ಲೇ ತಗೊಂಡ್ಬಿಡಿ. ಬೇಕಾ?"

ಮೇಷ್ಟ್ರು ಅತ್ತ ತಿರುಗದೆ, ತುಟಿ ಬಿಚ್ಚದೆ, "ಹೂಂ," ಎಂದರು.

ಅದು ಬೇಕೆಂದೋ ಬೇಡವೆಂದೋ ಕಾವಲುಗಾರನಿಗೆ ಅರ್ಥವಾಗಲಿಲ್ಲ. ಅವನು ಭಾವನ ಕಡೆ ತಿರುಗಿದ.

"ಏನೂ ಬೇಡ ಅಂತ," ಎಂದರು ಭಾವ.

ಕಾವಲುಗಾರ ಗೇಟು ಎಳೆದು ಬೀಗ ಹಾಕಿದ.